ಒಂದೇ ಹೆಸರಿಗೆ ಇಬ್ಬರು ವಾರಸುದಾರರು

ಬ್ರೌಸರ್‌ನ ಆಚೆ ಜಾವಾಸ್ಕ್ರಿಪ್ಟ್ ಪ್ರೋಗ್ರಾಮ್ ಓಡಿಸುವ ರನ್‌ಟೈಮ್ ಆದ ನೋಡ್.ಜೆಎಸ್ 2014ರ ಡಿಸೆಂಬರ್‌ನಲ್ಲಿ ಎರಡಾಯಿತು. ಅದರ ಒಳಗಿನ ಕೋಡ್ ಬರೆಯುತ್ತಿದ್ದವರಲ್ಲಿ ಹಲವರು ಐಓ.ಜೆಎಸ್ ಎಂಬ ಹೆಸರಿನಲ್ಲಿ ಫೋರ್ಕ್ ಮಾಡಿಕೊಂಡರು, ಅಂದರೆ ಅದೇ ಕೋಡಿನ ಪ್ರತಿ ತೆಗೆದುಕೊಂಡು ಬೇರೆಯಾಗಿ ಬೆಳೆಸತೊಡಗಿದರು. ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. 0.10 ಆವೃತ್ತಿ ಬಂದದ್ದು 2013ರ ಮಾರ್ಚ್‌ನಲ್ಲಿ. ಒಂದೂವರೆ ವರ್ಷ ಕಳೆದರೂ 0.12 ಬಂದಿರಲಿಲ್ಲ. ಒಳಗೆ ಕೂತು ಜಾವಾಸ್ಕ್ರಿಪ್ಟ್ ಓಡಿಸುವ ವಿ8 ಎಂಜಿನ್ ಹಳೆಯದಾಗುತ್ತಾ ಹೋಗುತ್ತಿತ್ತು. ಪ್ರಾಜೆಕ್ಟ್‌ನ ಹಿಡಿತ ಒಂದೇ ಕಂಪನಿಯ ಕೈಯಲ್ಲಿತ್ತು, ಕೆಲಸ ಮಾಡುವವರು ಬೇರೆ ಬೇರೆ ಕಡೆ ಇದ್ದರು. ಹೊಸ ಗುಂಪು 2015ರ ಜನವರಿಯಲ್ಲಿ 1.0 ಬಿಡುಗಡೆ ಮಾಡಿತು. ಆಮೇಲೆ ಅವರು ನಿಲ್ಲಲೇ ಇಲ್ಲ, ಒಂದರ ಹಿಂದೆ ಒಂದು ರಿಲೀಸ್ ಕೊಡುತ್ತಾ ಹೋದರು.

ಡೆವಲಪರ್‌ಗಳಿಗೆ ಅದು ಸಂಭ್ರಮದ ಕಾಲ. ಎಷ್ಟೋ ದಿನದಿಂದ ಕಾಯುತ್ತಿದ್ದ ಭಾಷೆಯ ಹೊಸ ಸೌಲಭ್ಯಗಳು ಕೈಗೆ ಸಿಕ್ಕವು. ಡೆಬಿಯನ್, ಫೆಡೋರಾದಂಥ ಲಿನಕ್ಸ್ ಡಿಸ್ಟ್ರೋಗಳಿಗೆ ಪ್ಯಾಕೇಜ್ ಕಟ್ಟುವವರು, ಅಂದರೆ ಪ್ರೋಗ್ರಾಮ್‌ಗಳನ್ನು ಸುಲಭವಾಗಿ ಇನ್‌ಸ್ಟಾಲ್ ಆಗುವ ಹಾಗೆ ಸಿದ್ಧಪಡಿಸುವವರು, ಅದೇ ಸುದ್ದಿಯನ್ನು ಬೇರೆ ಥರ ಓದಿದರು. ನನ್ನದೂ ಅದೇ ಕೆಲಸ. ಒಂದು ರನ್‌ಟೈಮ್ ಎರಡಾದಾಗ ಯಾವುದು ಚೆನ್ನಾಗಿದೆ ಎಂದು ಕೇಳುವ ಮೊದಲೇ ನಮ್ಮ ತಲೆಗೆ ಬರುವ ಪ್ರಶ್ನೆ ಇದು: ಈ ಬೈನರಿಯನ್ನು (ಓಡಿಸುವ ಫೈಲನ್ನು) ಯಾವ ಹೆಸರಿನಲ್ಲಿ ಇಡೋದು? ಹಳೆಯ ಹೆಸರನ್ನು ನಂಬಿಕೊಂಡಿರುವ ಸಾವಿರಾರು ಸ್ಕ್ರಿಪ್ಟ್‌ಗಳ ಗತಿ ಏನು? ಕೇಳಲಿಕ್ಕೆ ಸಣ್ಣ ವಿಷಯ ಅನಿಸಬಹುದು. ಆದರೆ ಫೋರ್ಕ್ ಆದ ರನ್‌ಟೈಮನ್ನು ಪ್ಯಾಕೇಜ್ ಮಾಡುವ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಫೋರ್ಕ್ ತನ್ನ ಸ್ವಂತ ಹೆಸರಿನಲ್ಲಿ, ಮೂಲದ ಪಕ್ಕದಲ್ಲೇ ಬಂದು ಕೂರಬೇಕು. ಹಳೆಯ ಹೆಸರು ಯಾರಿಗೆ ಸೇರಬೇಕು ಎನ್ನುವುದನ್ನು ಪ್ಯಾಕೇಜರ್ ಒಬ್ಬರೇ ಕೂತು ತೀರ್ಮಾನಿಸಬಾರದು. ಆ ರನ್‌ಟೈಮ್ ಮೇಲೆ ನಿಂತಿರುವ ಪ್ರೋಗ್ರಾಮ್‌ಗಳು ಯಾವ ಕಡೆ ಹೋಗುತ್ತವೋ ನೋಡಬೇಕು, ಆಮೇಲೆ ಕೈ ಹಾಕಬೇಕು. ಇದು ತುಂಬಾ ನಿಧಾನ ಎಂದು ಬೈಯುವವರಿದ್ದಾರೆ. ನಿಧಾನವೇ, ನಿಜ. ಯಾಕೆ ಹಾಗೆ ಎಂದು ಹೇಳುವುದಕ್ಕೇ ಈ ಬರಹ.

ಹೆಸರಿನ ವಿಷಯವನ್ನೇ ಮೊದಲು ಹತ್ತಿರದಿಂದ ನೋಡೋಣ. ಐಓ.ಜೆಎಸ್‌ನ ಮೂಲ ಇನ್‌ಸ್ಟಾಲ್ ಸ್ಕ್ರಿಪ್ಟ್ ಎರಡು ಫೈಲ್ ಇಡುತ್ತಿತ್ತು. ನಿಜವಾದ ಬೈನರಿಯ ಹೆಸರು ಐಓಜೆಎಸ್. ಅದರ ಪಕ್ಕದಲ್ಲಿ ನೋಡ್ ಎಂಬ ಹೆಸರಿನ ಒಂದು ಸಿಮ್‌ಲಿಂಕ್, ಅದು ಐಓಜೆಎಸ್ ಕಡೆ ಬೊಟ್ಟು ಮಾಡುತ್ತಿತ್ತು. ಬರೆದವರ ದೃಷ್ಟಿಯಿಂದ ಇದು ಸರಿಯಾದದ್ದೇ. ಯಾಕೆಂದರೆ ಜಗತ್ತಿನಲ್ಲಿರುವ ಸ್ಕ್ರಿಪ್ಟ್‌ಗಳ ಮೊದಲ ಸಾಲಿನಲ್ಲಿ ಎನ್ವ್ ಎಂಬ ಹುಡುಕುವ ಕಮಾಂಡ್ ಮೂಲಕ ನೋಡ್ ಅನ್ನು ಕರೆಯಿರಿ ಎಂದೇ ಬರೆದಿರುತ್ತದೆ. ಆ ಹೆಸರು ಸಿಗದಿದ್ದರೆ ಒಂದೂ ಓಡುವುದಿಲ್ಲ.

ಇದನ್ನೇ ಡಿಸ್ಟ್ರೋ ಕಡೆಯಿಂದ ನೋಡಿ. ಯೂಸರ್ ಬಿನ್ ಡೈರೆಕ್ಟರಿಯಲ್ಲಿ ನೋಡ್ ಎಂಬ ಹೆಸರಿನ ಫೈಲ್ ಒಂದೇ ಇರಲು ಸಾಧ್ಯ. ಅದನ್ನು ಈಗಾಗಲೇ ನೋಡ್‌ಜೆಎಸ್ ಪ್ಯಾಕೇಜ್ ಹಿಡಿದುಕೊಂಡಿದ್ದರೆ, ಎರಡನೆಯ ಪ್ಯಾಕೇಜ್ ಅದೇ ಫೈಲನ್ನು ಬರೆಯಲು ಹೋದ ಕೂಡಲೇ ಡೆಬಿಯನ್‌ನ ಇನ್‌ಸ್ಟಾಲ್ ಟೂಲ್ ಡಿಪಿಕೆಜಿ ನಿಲ್ಲಿಸುತ್ತದೆ. ಹಾಗಾಗಿ ಸಿಮ್‌ಲಿಂಕನ್ನು ಪ್ಯಾಕೇಜ್‌ನಿಂದ ಕಿತ್ತು ಹಾಕಬೇಕು. ಇಲ್ಲವೇ ಎರಡೂ ಒಟ್ಟಿಗೆ ಇರಬಾರದು ಎಂದು ಕಾನ್‌ಫ್ಲಿಕ್ಟ್ಸ್ ಬರೆಯಬೇಕು.

ಸಿಮ್‌ಲಿಂಕ್ ಕಿತ್ತರೆ ಏನಾಗುತ್ತದೆ? ಬಳಕೆದಾರ ಐಓಜೆಎಸ್ ಎಂದು ಟೈಪ್ ಮಾಡಿ ಒಂದು ಪ್ರೋಗ್ರಾಮ್ ಶುರು ಮಾಡುತ್ತಾರೆ. ಆ ಪ್ರೋಗ್ರಾಮ್ ಒಳಗಿನಿಂದ ಇನ್ನೊಂದು ಸ್ಕ್ರಿಪ್ಟನ್ನು ಕರೆಯುತ್ತದೆ. ಆ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ನೋಡ್ ಎಂದಿದೆ. ಎನ್ವ್, ಪಾತ್ ಎಂಬ ಡೈರೆಕ್ಟರಿಗಳ ಪಟ್ಟಿಯಲ್ಲಿ ಹುಡುಕಿ, ಹಳೆಯ ನೋಡ್ ಅನ್ನೇ ಎಬ್ಬಿಸುತ್ತದೆ. ಈಗ ತಾಯಿ ಪ್ರಾಸೆಸ್ ಐಓ.ಜೆಎಸ್, ಮಗು ಪ್ರಾಸೆಸ್ ನೋಡ್ 0.10. ಎರಡೂ ಒಂದೇ ನೋಡ್ ಮಾಡ್ಯೂಲ್ಸ್ ಡೈರೆಕ್ಟರಿಯಿಂದ ಮಾಡ್ಯೂಲ್ ಎತ್ತಿಕೊಳ್ಳುತ್ತವೆ. ಬರೀ ಜಾವಾಸ್ಕ್ರಿಪ್ಟ್ ಮಾಡ್ಯೂಲ್ ಆದರೆ ಬಹುಪಾಲು ನಡೆದುಹೋಗುತ್ತದೆ. ಸಿ++ನಲ್ಲಿ ಬರೆದು ಕಂಪೈಲ್ ಮಾಡಿದ ಒಂದು ಮಾಡ್ಯೂಲ್ ನಡುವೆ ಬಂತೋ, ಅಲ್ಲಿಗೆ ಮುಗಿಯಿತು. ಮಾಡ್ಯೂಲ್ ವರ್ಷನ್ ಹೊಂದುತ್ತಿಲ್ಲ, ಬೇಕಿದ್ದದ್ದು 11, ಸಿಕ್ಕಿದ್ದು 43 ಎಂದು ಪ್ರೋಗ್ರಾಮ್ ನಿಂತುಬಿಡುತ್ತದೆ. ಆ ಸಂದೇಶ ಓದಿದವರಿಗೆ ತಲೆಬುಡ ಅರ್ಥವಾಗುವುದಿಲ್ಲ. ಅವರು ಆ ಮಾಡ್ಯೂಲ್ ಬರೆದವರಿಗೆ ಬಗ್ ರಿಪೋರ್ಟ್ ಹಾಕುತ್ತಾರೆ. ಪಾಪ, ಅವರದ್ದೇನೂ ತಪ್ಪಿರುವುದಿಲ್ಲ.

ಆ 11, 43ರ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಫೋರ್ಕ್ ಮಾಡಿದವರು ಜವಾಬ್ದಾರಿಯಿಂದ ನಡೆದುಕೊಂಡದ್ದು ಇಲ್ಲಿ ಕಾಣುತ್ತದೆ. ಕಂಪೈಲ್ ಆದ ಕೋಡ್‌ಗಳು ಒಂದಕ್ಕೊಂದು ಹೊಂದುವ ಬಗೆಗೆ ಎಬಿಐ ಎನ್ನುತ್ತಾರೆ, ನೋಡ್‌ನ ಬೈನರಿ ಒಳಗೆ ಅದರ ಒಂದು ಸಂಖ್ಯೆ ಇರುತ್ತದೆ. ಕಂಪೈಲ್ ಆದ ಮಾಡ್ಯೂಲ್‌ನಲ್ಲೂ ಅದೇ ಸಂಖ್ಯೆ ಅಚ್ಚಾಗಿರುತ್ತದೆ. ಎರಡೂ ಹೊಂದಿದರೆ ಮಾತ್ರ ಲೋಡ್ ಆಗುತ್ತದೆ. 0.10ರಲ್ಲಿ ಅದು 11 ಇತ್ತು, 0.12ರಲ್ಲಿ 14. ಐಓ.ಜೆಎಸ್ ಗುಂಪು 15 ಎಂದು ಮುಂದುವರಿಸಬಹುದಿತ್ತು. ಹಾಗೆ ಮಾಡಿದ್ದರೆ ನಾಳೆ ಮೂಲ ನೋಡ್ ಕೂಡ 15ಕ್ಕೆ ಬಂದಾಗ ಒಂದೇ ಸಂಖ್ಯೆಯ ಎರಡು ಬೇರೆ ಎಬಿಐ ಹುಟ್ಟುತ್ತಿದ್ದವು. ಆಗ ಮಾಡ್ಯೂಲ್ ಲೋಡ್ ಆಗಿ, ಯಾವುದೋ ಗಳಿಗೆಯಲ್ಲಿ ಮೆಮೊರಿ ಕೆಡಿಸಿ ಬೀಳುತ್ತಿತ್ತು. ಅಂಥ ಬಗ್ ಹುಡುಕುವುದು ನರಕಯಾತನೆ. ಅವರು ನೇರ 42ಕ್ಕೆ ಹಾರಿದರು. ಎಬಿಐ ಹೊಂದದಿದ್ದರೆ ಶುರುವಿನಲ್ಲೇ ಜೋರಾಗಿ ಬೀಳಲಿ ಎಂಬ ನಿರ್ಧಾರ ಅದು. ಪ್ಯಾಕೇಜರ್ ಆಗಿ ನನಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಕಾಣುವುದಿಲ್ಲ.

ಆದರೆ ಅದೇ ಸಂಖ್ಯೆ ನಮ್ಮನ್ನು ಸುಸ್ತು ಮಾಡಿಸಿದ್ದೂ ನಿಜ. 1.0ರಲ್ಲಿ ಇದ್ದದ್ದು ವಿ8ನ 3.31. ತಿಂಗಳೊಳಗೆ ಬಂದ 1.1ರಲ್ಲಿ ವಿ8 4.1 ಸೇರಿತು, ಎಬಿಐ 43 ಆಯಿತು. 2.0ಕ್ಕೆ 44. ಆಗಸ್ಟ್‌ನ 3.0ಕ್ಕೆ 45. ಒಂದು ವರ್ಷ ಮುಗಿಯುವುದರೊಳಗೆ ನಾಲ್ಕು ಎಬಿಐ! ಪ್ರತಿ ಸಲವೂ ಡಿಸ್ಟ್ರೋದಲ್ಲಿರುವ ಕಂಪೈಲ್ ಆಗುವ ಮಾಡ್ಯೂಲ್‌ಗಳನ್ನೆಲ್ಲ ಮತ್ತೆ ಬಿಲ್ಡ್ ಮಾಡಬೇಕು. ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುವವರು ನೋಡ್‌ನ ಮಾಡ್ಯೂಲ್ ಇಳಿಸುವ ಟೂಲ್ ಆದ ಎನ್‌ಪಿಎಂನಲ್ಲಿ ರೀಬಿಲ್ಡ್ ಎಂದು ಒಂದು ಕಮಾಂಡ್ ಹೊಡೆದು ಮುಂದೆ ಹೋಗುತ್ತಾರೆ. ಡಿಸ್ಟ್ರೋದಲ್ಲಿ ಅದಕ್ಕೆ ಟ್ರಾನ್ಸಿಷನ್ ಎನ್ನುತ್ತಾರೆ. ಎಲ್ಲ ಆರ್ಕಿಟೆಕ್ಚರ್‌ಗಳಲ್ಲೂ ಬಿಲ್ಡ್ ಆಗಬೇಕು, ಒಂದು ಬಿದ್ದರೆ ಉಳಿದವೂ ಕಾಯಬೇಕು. ಫೆಡೋರಾದವರು ಈ ಎಬಿಐ ಸಂಖ್ಯೆಯನ್ನು ತಮ್ಮ ಆರ್‌ಪಿಎಂ ಪ್ಯಾಕೇಜ್‌ಗಳಲ್ಲಿ ಡಿಪೆಂಡೆನ್ಸಿಯಾಗಿಯೇ ಬರೆದಿಡುವ ಪದ್ಧತಿ ಮಾಡಿಕೊಂಡಿದ್ದಾರೆ. ರನ್‌ಟೈಮ್ ಬದಲಾದ ಕೂಡಲೇ ಯಾವ ಪ್ಯಾಕೇಜ್ ಮುರಿಯುತ್ತದೆ ಎಂದು ಇನ್‌ಸ್ಟಾಲ್ ಮಾಡುವ ಮೊದಲೇ ಗೊತ್ತಾಗುತ್ತದೆ. ನನ್ನ ಪ್ರಕಾರ ಎಲ್ಲ ಡಿಸ್ಟ್ರೋಗಳಲ್ಲೂ ಇದು ಇರಬೇಕಾದದ್ದು.

ಇನ್ನೊಂದು ಗಂಟು ಹೆಡರ್ ಫೈಲ್‌ಗಳದ್ದು, ಅಂದರೆ ಮಾಡ್ಯೂಲ್ ಕಂಪೈಲ್ ಮಾಡಲು ಬೇಕಾದ ರನ್‌ಟೈಮ್‌ನ ಘೋಷಣೆಗಳ ಫೈಲ್‌ಗಳದ್ದು. ನೋಡ್-ಜಿಪ್ ಎಂಬ ಟೂಲ್ ಮಾಡ್ಯೂಲ್ ಕಂಪೈಲ್ ಮಾಡುವಾಗ ರನ್‌ಟೈಮ್‌ನ ಹೆಡರ್‌ಗಳನ್ನು ನೆಟ್‌ನಿಂದ ಇಳಿಸಿಕೊಳ್ಳುತ್ತದೆ. ಅದು ಹೋಗುತ್ತಿದ್ದದ್ದು ನೋಡ್‌ನ ಸೈಟ್‌ಗೆ. ಅಲ್ಲಿ ಐಓ.ಜೆಎಸ್‌ನ ಹೆಡರ್ ಇರುವುದಿಲ್ಲ. ಹಾಗಾಗಿ ಐಓ.ಜೆಎಸ್ ತನ್ನ ಜೊತೆ ಕೊಡುತ್ತಿದ್ದ ಎನ್‌ಪಿಎಂ ಒಳಗೆ ಒಂದು ಸಣ್ಣ ಪ್ಯಾಚ್ ಹಾಕಿಕೊಂಡಿತ್ತು. ಆಮೇಲೆ 3.0ರಲ್ಲಿ ಪ್ರಾಸೆಸ್ ಆಬ್ಜೆಕ್ಟ್ ಒಳಗೆ ರಿಲೀಸ್ ಎಂಬ ಹೊಸ ಭಾಗ ಸೇರಿಸಿದರು. ನಾನು ಯಾರು, ನನ್ನ ಹೆಡರ್ ಎಲ್ಲಿ ಸಿಗುತ್ತದೆ ಎಂದು ರನ್‌ಟೈಮ್ ತಾನೇ ಹೇಳುವ ವ್ಯವಸ್ಥೆ ಅದು. ಒಳ್ಳೆಯ ಪರಿಹಾರ. ಆದರೆ ಡೆಬಿಯನ್‌ನಂಥ ಕಡೆ ಪ್ಯಾಕೇಜ್ ಬಿಲ್ಡ್ ಆಗುವಾಗ ನೆಟ್ ಮುಟ್ಟುವ ಹಾಗೇ ಇಲ್ಲ. ಹೆಡರ್‌ಗಳನ್ನು ಬೇರೆಯೇ ಡೆವ್ ಪ್ಯಾಕೇಜ್‌ನಲ್ಲಿ ಇಟ್ಟು, ನೋಡ್-ಜಿಪ್‌ಗೆ ಇಲ್ಲಿಂದ ತಗೋ ಎಂದು ದಾರಿ ತೋರಿಸಬೇಕು. ಎರಡು ರನ್‌ಟೈಮ್ ಇದ್ದರೆ ಎರಡು ಡೆವ್ ಪ್ಯಾಕೇಜ್, ಎರಡು ದಾರಿ. ಪ್ರತಿ ಮಾಡ್ಯೂಲನ್ನೂ ಎರಡಕ್ಕೂ ಬೇರೆ ಬೇರೆ ಕಟ್ಟುತ್ತೀರಾ? ಯಾರಿಗಿದೆ ಅಷ್ಟು ಸಮಯ?

ಹಾಗಾದರೆ ಅಪ್‌ಡೇಟ್-ಆಲ್ಟರ್ನೇಟಿವ್ಸ್ ಬಳಸಬಹುದಲ್ವಾ ಎಂದು ಕೇಳುವವರಿದ್ದಾರೆ. ಒಂದೇ ಹೆಸರಿನ ಹಿಂದೆ ಹಲವು ಪ್ರೋಗ್ರಾಮ್ ಇಟ್ಟು, ಬೇಕಾದದ್ದನ್ನು ಆರಿಸಿಕೊಳ್ಳುವ ವ್ಯವಸ್ಥೆ ಅದು. ಎಡಿಟರ್‌ಗೆ, ಪಠ್ಯವನ್ನು ಪುಟಪುಟವಾಗಿ ತೋರಿಸುವ ಪೇಜರ್‌ಗೆ ಚೆನ್ನಾಗಿ ಹೊಂದುತ್ತದೆ. ಜಾವಾಕ್ಕೂ ಅದನ್ನೇ ಬಳಸುತ್ತಾರೆ, ಸಮಸ್ಯೆ ಕಡಿಮೆ. ಜಾವಾಕ್ಕೆ ಬರೆದಿಟ್ಟ ನಿಯಮಾವಳಿ ಇದೆ, ಹೊಂದಾಣಿಕೆ ಪರೀಕ್ಷಿಸುವ ಟಿಸಿಕೆ ಎಂಬ ಟೆಸ್ಟ್ ಕಟ್ಟು ಇದೆ. ಯಾವ ಜೆವಿಎಂ (ಜಾವಾದ ರನ್‌ಟೈಮ್) ಆದರೂ ಅದರಲ್ಲಿ ಪಾಸಾಗಬೇಕು. ಜಾವಾಸ್ಕ್ರಿಪ್ಟ್ ಭಾಷೆಗೂ ಇಸಿಎಂಎ-262 ಎಂಬ ನಿಯಮಾವಳಿ ಇದೆ. ಆದರೆ ನೋಡ್‌ನ ಫೈಲ್ ಓದುವ ಭಾಗ, ಸ್ಟ್ರೀಮ್, ಅಂದಿನ ಸಿ++ ಕಡೆಯ ಎಪಿಐ, ಇವಕ್ಕೆ ಯಾರೂ ಬರೆದಿಟ್ಟ ನಿಯಮವಿಲ್ಲ. ನೋಡ್ ಹೇಗೆ ನಡೆಯುತ್ತದೋ ಅದೇ ನಿಯಮ. ಅಂಥ ಕಡೆ ಇಡೀ ಸಿಸ್ಟಮ್‌ಗೆ ಒಂದೇ ಸ್ವಿಚ್ ಇಟ್ಟರೆ, ಒಬ್ಬರು ತಮ್ಮ ಅನುಕೂಲಕ್ಕೆ ತಿರುಗಿಸಿದ್ದು ಅದೇ ಮಷೀನಿನಲ್ಲಿರುವ ಬೇರೆಲ್ಲ ಪ್ರೋಗ್ರಾಮ್‌ಗಳ ಕಾಲ ಕೆಳಗಿನ ನೆಲವನ್ನೇ ಎಳೆದುಬಿಡುತ್ತದೆ. ರನ್‌ಟೈಮ್‌ಗಳಿಗೆ ಆಲ್ಟರ್ನೇಟಿವ್ಸ್ ಬೇಡ ಎನ್ನುವುದು ನನ್ನ ಖಚಿತ ನಿಲುವು, ಬರೆದಿಟ್ಟ ನಿಯಮವೂ ಟೆಸ್ಟೂ ಎರಡೂ ಇದ್ದರೆ ಮಾತ್ರ ವಿನಾಯಿತಿ.

ನೋಡ್ ಎಂಬ ಹೆಸರಿಗೆ ಡೆಬಿಯನ್‌ನಲ್ಲಿ ಅದಕ್ಕೂ ಮುಂಚಿನ ಒಂದು ವ್ಯಾಜ್ಯ ಇತ್ತು. ಫೋರ್ಕ್‌ಗೂ ಅದಕ್ಕೂ ಸಂಬಂಧವಿಲ್ಲ, ಆದರೂ ಹೇಳಲೇಬೇಕು. ಹ್ಯಾಮ್ ರೇಡಿಯೋದವರು ಬಳಸುವ ಒಂದು ಪ್ಯಾಕೆಟ್ ರೇಡಿಯೋ ಪ್ರೋಗ್ರಾಮ್ ಡೆಬಿಯನ್‌ನಲ್ಲಿ ಮೊದಲಿನಿಂದಲೂ ಇತ್ತು. ಅದರ ಹೆಸರೂ ನೋಡ್. ಬೇರೆ ಬೇರೆ ಕೆಲಸದ ಎರಡು ಪ್ರೋಗ್ರಾಮ್‌ಗಳು ಒಂದೇ ಹೆಸರಿಟ್ಟುಕೊಳ್ಳುವಂತಿಲ್ಲ, ರಾಜಿ ಆಗದಿದ್ದರೆ ಎರಡೂ ಹೆಸರು ಬದಲಿಸಬೇಕು ಎಂದು ಡೆಬಿಯನ್ ಪಾಲಿಸಿ ಹೇಳುತ್ತದೆ. ಮಾತುಕತೆ ಎಳೆದಾಡಿ ಕೊನೆಗೆ ಡೆಬಿಯನ್‌ನಲ್ಲಿ ಇಂಥ ವ್ಯಾಜ್ಯ ತೀರಿಸುವ ಟೆಕ್ನಿಕಲ್ ಕಮಿಟಿಗೆ ಹೋಯಿತು. 2012ರಲ್ಲಿ ತೀರ್ಮಾನ ಬಂತು. ನೋಡ್.ಜೆಎಸ್‌ನ ಬೈನರಿ ಇನ್ನು ನೋಡ್‌ಜೆಎಸ್ ಎಂಬ ಹೆಸರಿನಲ್ಲಿರಲಿ. ಹಳೆಯ ಸ್ಕ್ರಿಪ್ಟ್ ಓಡಬೇಕಾದವರಿಗೆ ನೋಡ್‌ಜೆಎಸ್-ಲೆಗಸಿ ಎಂಬ ಪುಟ್ಟ ಪ್ಯಾಕೇಜ್, ಅದರೊಳಗೆ ಒಂದು ಸಿಮ್‌ಲಿಂಕ್ ಬಿಟ್ಟರೆ ಮತ್ತೇನೂ ಇಲ್ಲ. ಡೆಬಿಯನ್‌ನ ಬೇರಾವ ಪ್ಯಾಕೇಜೂ ಅದನ್ನು ನೆಚ್ಚಿಕೊಳ್ಳಬಾರದು.

ನಿಯಮದ ಪ್ರಕಾರ ಇದು ನ್ಯಾಯವಾದ ತೀರ್ಪು. ಎರಡೂ ಕಡೆಯವರನ್ನು ಸಮವಾಗಿ ಕಂಡದ್ದು. ಆದರೆ ಅದರ ಭಾರ ಬಿದ್ದದ್ದು ಈ ವ್ಯಾಜ್ಯ ಏನೆಂದೇ ಗೊತ್ತಿಲ್ಲದವರ ಮೇಲೆ. ಡೆಬಿಯನ್ ಅಥವಾ ಉಬುಂಟುವಿನಲ್ಲಿ ನೋಡ್ ಕಲಿಯಲು ಕೂತ ಎಷ್ಟೋ ಜನ, ಪುಸ್ತಕದಲ್ಲಿದ್ದ ಮೊದಲ ಕಮಾಂಡ್ ಟೈಪ್ ಮಾಡಿ, ಅಂಥ ಪ್ರೋಗ್ರಾಮೇ ಇಲ್ಲ ಎಂಬ ಉತ್ತರ ಪಡೆದರು. ಪ್ಯಾಕೇಜರ್‌ಗಳು ಸ್ಕ್ರಿಪ್ಟ್‌ಗಳ ಮೊದಲ ಸಾಲನ್ನು ಒಂದೊಂದಾಗಿ ತಿದ್ದುತ್ತಾ ಕೂತರು. 2017ರಲ್ಲಿ ಕಮಿಟಿ ಆ ತೀರ್ಮಾನವನ್ನು ಹಿಂತೆಗೆದುಕೊಂಡಿತು, ಹೆಸರು ನೋಡ್.ಜೆಎಸ್‌ಗೆ ಮರಳಿತು. ಐದು ವರ್ಷ ಹಿಡಿಯಿತು. ಹೆಸರಿನ ಒಂದು ಫೈಲನ್ನು ಬದಲಿಸುವುದಕ್ಕೆ ಎಷ್ಟು ಬೆಲೆ ತೆರಬೇಕು ಎಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಐಓ.ಜೆಎಸ್ ಹುಟ್ಟಿದ್ದು ಈ ಐದು ವರ್ಷದ ನಡುವೆ ಎನ್ನುವುದನ್ನೂ ನೆನಪಿಡಿ.

ಈಗ ಭದ್ರತೆಯ ಮಾತು. ಒಂದು ರನ್‌ಟೈಮ್ ಎಂದರೆ ಒಂದೇ ಪ್ರೋಗ್ರಾಮ್ ಅಲ್ಲ. ನೋಡ್‌ನ ಟಾರ್‌ಬಾಲ್ (ಸೋರ್ಸ್ ಕೋಡಿನ ಕಟ್ಟು) ಬಿಚ್ಚಿದರೆ ಅದರ ಡೆಪ್ಸ್ ಡೈರೆಕ್ಟರಿಯಲ್ಲಿ ವಿ8 ಇರುತ್ತದೆ, ಲಿಬ್‌ಯುವಿ ಇರುತ್ತದೆ, ಎನ್‌ಕ್ರಿಪ್ಷನ್‌ಗೆ ಬಳಸುವ ಓಪನ್‌ಎಸ್‌ಎಸ್‌ಎಲ್, ಝಡ್‌ಲಿಬ್, ಸಿ-ಏರ್ಸ್ ಎಂಬ ಲೈಬ್ರರಿಗಳು ಇರುತ್ತವೆ. ಡಿಸ್ಟ್ರೋಗಳು ಸಾಧ್ಯವಾದಷ್ಟು ಇವನ್ನು ಬಿಚ್ಚಿ, ಸಿಸ್ಟಮ್‌ನಲ್ಲಿರುವ ಲೈಬ್ರರಿಗೇ ಲಿಂಕ್ ಮಾಡುತ್ತವೆ. ಓಪನ್‌ಎಸ್‌ಎಸ್‌ಎಲ್‌ನಲ್ಲಿ ತೂತು ಬಿದ್ದರೆ ಒಂದು ಕಡೆ ಮುಚ್ಚಿದರೆ ಸಾಕು ಎಂಬುದು ಲೆಕ್ಕ. ಫೋರ್ಕ್ ಬಂದಾಗ ಈ ಲೆಕ್ಕ ತಪ್ಪುತ್ತದೆ. ಎರಡು ರನ್‌ಟೈಮ್‌ಗಳಿಗೆ ಎರಡು ಬೇರೆ ವಿ8 ಬೇಕು. ಡೆಬಿಯನ್ 8ರಲ್ಲಿ ಇದ್ದದ್ದು ನೋಡ್ 0.10.29, ಅದಕ್ಕೆ ಬೇರೆಯಾಗಿ ಕಟ್ಟಿದ ವಿ8 3.14. 4.1 ಬೇಡುವ ಫೋರ್ಕ್‌ಗೆ ಆ ವಿ8 ಯಾವ ಕೆಲಸಕ್ಕೂ ಬಾರದು. ಅಷ್ಟಕ್ಕೂ ಡೆಬಿಯನ್ 8ರ ರಿಲೀಸ್ ನೋಟ್ಸ್‌ನಲ್ಲಿ ವಿ8 ಮತ್ತು ನೋಡ್ ಸುತ್ತಲಿನ ಪ್ಯಾಕೇಜ್‌ಗಳಿಗೆ ಭದ್ರತಾ ಬೆಂಬಲ ಇರುವುದಿಲ್ಲ ಎಂದು ನೇರವಾಗಿಯೇ ಬರೆದಿದ್ದರು. ಆಗದ ಮಾತು ಕೊಡುವುದಕ್ಕಿಂತ ಆಗಲ್ಲ ಎಂದು ಮೊದಲೇ ಹೇಳುವುದು ಮೇಲು. ಒಂದನ್ನೇ ಕಾಯಲು ಕೈ ಸಾಲದಿರುವಾಗ ಎರಡನೆಯದನ್ನು ತರುವ ಮುನ್ನ ಯೋಚಿಸಬೇಕು.

ಕಂಪೈಲರ್ ಕೂಡ ಅಡ್ಡ ಬರುತ್ತದೆ. ಆಗಿನ ಹೊಸ ವಿ8ಗೆ ಸಿ++11 ಬೇಕಿತ್ತು, ನೋಡ್ 4ರ ಹೊತ್ತಿಗೆ ಜಿಸಿಸಿ 4.8 ಇಲ್ಲದೆ ಬಿಲ್ಡೇ ಆಗುತ್ತಿರಲಿಲ್ಲ. ಡೆಬಿಯನ್ 7ರಲ್ಲಿ ಇದ್ದದ್ದು 4.7. ಹಳೆಯ ರಿಲೀಸ್‌ನವರಿಗೆ ಅಲ್ಲಿಗೆ ಬಾಗಿಲು ಮುಚ್ಚಿತು.

ಹೆಸರಿನ ವಿಷಯದಲ್ಲಿ ದುಡುಕಿದರೆ ಏನಾಗುತ್ತದೆ ಎಂದು ನೋಡಲು ರನ್‌ಟೈಮ್‌ಗಳಿಂದ ಸ್ವಲ್ಪ ಆಚೆ ಹೋಗಬೇಕು. 2011ರಲ್ಲಿ ವಿಡಿಯೋ, ಆಡಿಯೋ ಪರಿವರ್ತಿಸುವ ಎಫ್‌ಎಫ್‌ಎಂಪೆಗ್ ಎರಡಾಯಿತು. ಒಡೆದು ಹೋದ ಗುಂಪು ಲಿಬಾವ್ ಎಂದು ಹೆಸರಿಟ್ಟುಕೊಂಡಿತು. ಡೆಬಿಯನ್ ಲಿಬಾವ್ ಕಡೆ ಹೋಯಿತು. ಡೆಬಿಯನ್ 7ರಲ್ಲಿ ಎಫ್‌ಎಫ್‌ಎಂಪೆಗ್ ಎಂಬ ಹೆಸರಿನ ಕಮಾಂಡ್ ಉಳಿದಿತ್ತು, ಆದರೆ ಅದು ಲಿಬಾವ್‌ನದ್ದು. ಓಡಿಸಿದರೆ ಈ ಪ್ರೋಗ್ರಾಮ್ ಇನ್ನು ಬೆಳೆಯುವುದಿಲ್ಲ, ಎವಿಕಾನ್ವ್ ಬಳಸಿ ಎಂಬ ಅರ್ಥದ ಸಂದೇಶ ಬರುತ್ತಿತ್ತು. ಓದಿದವರು ಏನು ತಿಳಿದುಕೊಂಡರು? ಎಫ್‌ಎಫ್‌ಎಂಪೆಗ್ ಪ್ರಾಜೆಕ್ಟೇ ನಿಂತು ಹೋಗಿದೆ ಎಂದು. ಅದು ನಿಂತಿರಲಿಲ್ಲ, ಜೋರಾಗಿಯೇ ನಡೆಯುತ್ತಿತ್ತು. ಲಿಬಾವ್‌ನವರು ಕೆಟ್ಟ ಕೆಲಸ ಮಾಡಿದರು ಎಂದು ನಾನು ಹೇಳುತ್ತಿಲ್ಲ, ಅವರ ಕೋಡ್ ಅಚ್ಚುಕಟ್ಟಾಗಿತ್ತು. ಆದರೆ ಒಬ್ಬರ ಹೆಸರಿನ ಕಮಾಂಡ್‌ನಿಂದ ಇನ್ನೊಬ್ಬರ ಮಾತು ಹೊರಬಂದದ್ದು ಸರಿಯಲ್ಲ. ಈ ಒಂದು ಸಂದೇಶ ಎರಡೂ ಗುಂಪುಗಳ ನಡುವೆ ಹಚ್ಚಿದ ಕಿಚ್ಚು ವರ್ಷಗಟ್ಟಲೆ ಆರಲಿಲ್ಲ.

ವಾಪಸ್ ಬರುವ ದಾರಿ ಇನ್ನೂ ಕಷ್ಟದ್ದಾಗಿತ್ತು. ಎರಡೂ ಕಡೆಯ ಲೈಬ್ರರಿಗಳ ಹೆಸರು ಒಂದೇ: ಲಿಬಾವ್‌ಕೋಡೆಕ್, ಲಿಬಾವ್‌ಫಾರ್ಮ್ಯಾಟ್. ಒಂದೇ ಪ್ರಾಸೆಸ್ ಒಳಗೆ ಎರಡೂ ಲೋಡ್ ಆದರೆ ಸಿಂಬಲ್‌ಗಳು (ಒಳಗಿನ ಫಂಕ್ಷನ್ ಹೆಸರುಗಳು) ಕಲಸಿಹೋಗುತ್ತವೆ. ಎಫ್‌ಎಫ್‌ಎಂಪೆಗ್ ಅನ್ನು ಡೆಬಿಯನ್‌ಗೆ ಮರಳಿ ತಂದವರು ಮೊದಲು ಅದರ ಲೈಬ್ರರಿಗಳ ಹೆಸರಿಗೆ ಎಫ್‌ಎಫ್‌ಎಂಪೆಗ್ ಎಂಬ ಬಾಲ ಸೇರಿಸಿ ಕಟ್ಟಿದರು, ಎರಡೂ ಪಕ್ಕಪಕ್ಕದಲ್ಲಿ ಇರಲಿ ಎಂದು. ಆ ತಾಳ್ಮೆಗೆ ನಾನು ಕೈ ಮುಗಿಯುತ್ತೇನೆ. ಎರಡನ್ನೂ ಒಂದೇ ಸ್ಥಿರ ರಿಲೀಸ್‌ನಲ್ಲಿ ಕಾಯಲು ಆಗುವುದಿಲ್ಲ ಎಂದು ಭದ್ರತಾ ತಂಡ ಹೇಳಿತು. ಅದೂ ನ್ಯಾಯವೇ, ಒಂದೇ ತೂತನ್ನು ಎರಡು ಬೇರೆ ಕೋಡ್‌ನಲ್ಲಿ ಎರಡು ಸಲ ಮುಚ್ಚುವವರು ಯಾರು? ಹೀಗಾಗಿ ಡೆಬಿಯನ್ 8 ಲಿಬಾವ್ ಜೊತೆಗೇ ಹೊರಬಂತು. 2015ರಲ್ಲಿ ಎಫ್‌ಎಫ್‌ಎಂಪೆಗ್‌ಗೆ ಮರಳುವ ನಿರ್ಧಾರವಾಯಿತು, 2017ರ ಡೆಬಿಯನ್ 9ರಲ್ಲಿ ಅದು ಒಂದೇ ಉಳಿಯಿತು. ಈ ಜಗಳದ ಗುರುತು ಇವತ್ತಿಗೂ ಆವೃತ್ತಿ ಸಂಖ್ಯೆಯಲ್ಲಿದೆ. ಆವೃತ್ತಿಯ ಮುಂದೆ ಬಂದು ಯಾವುದು ಹೊಸದು ಎಂದು ಮೊದಲು ತೀರ್ಮಾನಿಸುವ ಸಂಖ್ಯೆಗೆ ಎಪಾಕ್ ಎನ್ನುತ್ತಾರೆ, ಲಿಬಾವ್ ಪ್ಯಾಕೇಜ್‌ಗೆ ಅದು 6 ಇತ್ತು. ಅದನ್ನು ದಾಟಲು ಎಫ್‌ಎಫ್‌ಎಂಪೆಗ್‌ಗೆ 7 ಕೊಟ್ಟರು. ಎಪಾಕ್ ಒಮ್ಮೆ ಏರಿದರೆ ಇಳಿಯುವುದಿಲ್ಲ. ಡೆಬಿಯನ್ ಇರುವವರೆಗೂ ಎಫ್‌ಎಫ್‌ಎಂಪೆಗ್‌ನ ಆವೃತ್ತಿ ಏಳು, ಕೋಲನ್ ಎಂದೇ ಶುರುವಾಗುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ಉದಾಹರಣೆಯೂ ಇದೆ, ಮತ್ತು ನನ್ನ ನಿಲುವಿಗೆ ಅದು ಒಂದು ತಿದ್ದುಪಡಿ. 2009ರಲ್ಲಿ ಡೆಬಿಯನ್ ಜಿಲಿಬ್‌ಸಿ ಬಿಟ್ಟು ಅದರ ಫೋರ್ಕ್ ಆದ ಇಜಿಲಿಬ್‌ಸಿಗೆ ಹೋಯಿತು. ಸಿಸ್ಟಮ್‌ನ ಪ್ರತಿಯೊಂದು ಪ್ರೋಗ್ರಾಮೂ ನಿಂತಿರುವ ಸಿ ಲೈಬ್ರರಿ ಅದು! ಆದರೂ ಬಹುತೇಕ ಬಳಕೆದಾರರಿಗೆ ಗೊತ್ತೇ ಆಗಲಿಲ್ಲ. ಪ್ಯಾಕೇಜ್‌ನ ಹೆಸರು ಲಿಬ್‌ಸಿ6 ಎಂದೇ ಉಳಿಯಿತು. 2014ರಲ್ಲಿ ಅಷ್ಟೇ ಸದ್ದಿಲ್ಲದೆ ಜಿಲಿಬ್‌ಸಿಗೆ ಮರಳಿದರು. ಇದು ಹೇಗೆ ಸಾಧ್ಯವಾಯಿತು? ಇಜಿಲಿಬ್‌ಸಿಯವರು ಬೈನರಿ ಮಟ್ಟದಲ್ಲಿ ಮೂಲಕ್ಕೆ ಹೊಂದುತ್ತೇವೆ ಎಂದು ಮಾತು ಕೊಟ್ಟಿದ್ದರು, ಮೂಲದ ಬದಲಾವಣೆಗಳನ್ನು ತಪ್ಪದೆ ಎಳೆದುಕೊಳ್ಳುತ್ತಿದ್ದರು, ಮಾತು ಉಳಿಸಿಕೊಂಡರು. ಹೆಸರಿನ ಹಿಂದಿನ ಮಾತು ಬದಲಾಗದಿದ್ದರೆ ಹೆಸರೂ ಬದಲಾಗಬೇಕಿಲ್ಲ. ಅಂಥ ಫೋರ್ಕ್‌ಗಳು ಅಪರೂಪ. ರನ್‌ಟೈಮ್‌ಗಳಲ್ಲಂತೂ ತೀರಾ ಅಪರೂಪ, ಯಾಕೆಂದರೆ ರನ್‌ಟೈಮ್ ಫೋರ್ಕ್ ಆಗುವುದೇ ಸಾಮಾನ್ಯವಾಗಿ ಏನಾದರೂ ಬದಲಿಸಬೇಕು ಎಂಬ ಆಸೆಯಿಂದ. ಪೈಥಾನ್ 2.7ರಿಂದ ಹುಟ್ಟಿದ ಟೌಥಾನ್ ನೋಡಿ. ಅದು ಮೊದಲು ಪೈಥಾನ್ 2.8 ಎಂದು ಕರೆದುಕೊಂಡಿತು. ಪೈಥಾನ್ ಕಡೆಯವರು ಒಪ್ಪಲಿಲ್ಲ, ಹೆಸರು ಬದಲಾಯಿತು. ಒಳ್ಳೆಯದೇ ಆಯಿತು.

ಹೊಂದುತ್ತೇವೆ ಎಂದು ಹೇಳುವುದಕ್ಕೂ ಹೊಂದಿಕೊಂಡೇ ಇರುವುದಕ್ಕೂ ಎಷ್ಟು ದೂರ ಎಂದು ಲಿಬ್ರೆಎಸ್‌ಎಸ್‌ಎಲ್ ಕಲಿಸಿತು. ಹಾರ್ಟ್‌ಬ್ಲೀಡ್ ಎಂಬ ದೊಡ್ಡ ಭದ್ರತಾ ದೋಷ ಬಯಲಾದ ಮೇಲೆ, 2014ರಲ್ಲಿ, ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ನವರು ಓಪನ್‌ಎಸ್‌ಎಸ್‌ಎಲ್ ಅನ್ನು ಫೋರ್ಕ್ ಮಾಡಿ ಗುಡಿಸಿ ಸಾರಿಸಿದರು. ಕೋಡ್ ದೃಷ್ಟಿಯಿಂದ ದೊಡ್ಡ ಕೆಲಸ. ಡಿಸ್ಟ್ರೋಗಳಲ್ಲಿ ಆಲ್ಪೈನ್ ತನ್ನ 3.5ರಲ್ಲಿ ಅದನ್ನು ಒಪ್ಪಿಕೊಂಡಿತು, ವಾಯ್ಡ್ ಒಪ್ಪಿಕೊಂಡಿತು, ಜೆಂಟೂ ಆಯ್ಕೆ ಕೊಟ್ಟಿತು. ತೊಂದರೆ ಬಂದದ್ದು ಒಂದು ಸಂಖ್ಯೆಯಿಂದ. ಲಿಬ್ರೆಎಸ್‌ಎಸ್‌ಎಲ್ ತನ್ನ ಓಪನ್‌ಎಸ್‌ಎಸ್‌ಎಲ್ ಆವೃತ್ತಿ ಸಂಖ್ಯೆಯನ್ನು 2.0 ಎಂದು ಹೇಳುತ್ತದೆ. ಪ್ರೋಗ್ರಾಮ್‌ಗಳು ಆವೃತ್ತಿ 1.1ಕ್ಕಿಂತ ಹೊಸದಾ ಎಂದು ನೋಡುತ್ತವೆ. ಹೌದು ಎಂದು ಉತ್ತರ ಬರುತ್ತದೆ. 1.1ರಲ್ಲಿ ಬಂದ ಫಂಕ್ಷನ್ ಇದೆ ಎಂದುಕೊಂಡು ಕರೆಯುತ್ತವೆ, ಅದು ಲಿಬ್ರೆಎಸ್‌ಎಸ್‌ಎಲ್‌ನಲ್ಲಿ ಇರುವುದಿಲ್ಲ. ಬಿಲ್ಡ್ ಬೀಳುತ್ತದೆ. ಆಮೇಲೆ ಪ್ರತಿ ಪ್ಯಾಕೇಜ್‌ಗೂ ಒಂದೊಂದು ಪ್ಯಾಚ್. ಮೂಲದ ಹೊಸ ರಿಲೀಸ್ ಬಂದಾಗಲೆಲ್ಲ ಆ ಪ್ಯಾಚನ್ನು ಮತ್ತೆ ಕೂರಿಸಬೇಕು. 2019ರ 3.9ರಲ್ಲಿ ಆಲ್ಪೈನ್ ವಾಪಸ್ ಬಂತು. 2021ರಲ್ಲಿ ಜೆಂಟೂ ಮತ್ತು ವಾಯ್ಡ್ ಕೂಡ. ಅದೇ ವರ್ಷ ಬಂದ ಪೈಥಾನ್ 3.10 ಲಿಬ್ರೆಎಸ್‌ಎಸ್‌ಎಲ್ ಬೆಂಬಲವನ್ನೇ ಕೈಬಿಟ್ಟಿತು. ಫೋರ್ಕ್ ಚೆನ್ನಾಗಿದ್ದರೂ ಸುತ್ತಲಿನವರು ಜೊತೆಗೆ ಬರದಿದ್ದರೆ ಅದರ ಭಾರವನ್ನೆಲ್ಲ ಹೊರುವವರು ಪ್ಯಾಕೇಜರ್‌ಗಳೇ.

ಐಓ.ಜೆಎಸ್ ಕಥೆ ಸುಖವಾಗಿ ಮುಗಿಯಿತು. 2015ರಲ್ಲಿ ಎರಡೂ ಗುಂಪುಗಳು ನೋಡ್.ಜೆಎಸ್ ಫೌಂಡೇಶನ್ ಅಡಿಯಲ್ಲಿ ಒಂದಾದವು, ಸೆಪ್ಟೆಂಬರ್‌ನಲ್ಲಿ ನೋಡ್ 4.0 ಬಂತು. ಎಬಿಐ 46. 0.12 ಆದ ಮೇಲೆ ನೇರ 4 ಯಾಕೆ ಎಂದು ಕೆಲವರು ಆಶ್ಚರ್ಯಪಟ್ಟರು. 1, 2, 3 ಸಂಖ್ಯೆಗಳನ್ನು ಐಓ.ಜೆಎಸ್ ಬಳಸಿಯಾಗಿತ್ತು. ಯಾವ ಕಡೆಯಿಂದ ಬಂದವರಿಗೂ 4.0 ಮುಂದಿನ ಸಂಖ್ಯೆಯೇ ಆಗಬೇಕು, ಯಾರ ಆವೃತ್ತಿಯೂ ಹಿಂದೆ ಹೋದಂತೆ ಕಾಣಬಾರದು. ಪ್ಯಾಕೇಜ್ ಮ್ಯಾನೇಜರ್‌ಗಳಿಗೆ ಇದು ವರವಾಯಿತು. ಎಪಾಕ್ ಏರಿಸದೆ, ಸುಮ್ನೆ ಅಪ್‌ಗ್ರೇಡ್ ಎಂದು ಎರಡೂ ದಾರಿಯಿಂದ ಬರಬಹುದಿತ್ತು. ಮೊದಲ ಎಲ್‌ಟಿಎಸ್ (ದೀರ್ಘಕಾಲದ ಬೆಂಬಲದ) ಸರಣಿಯೂ 4ರಿಂದಲೇ ಶುರುವಾಯಿತು. ಫೋರ್ಕ್ ಆಗದಿದ್ದರೆ ಇದೆಲ್ಲ ಇಷ್ಟು ಬೇಗ ಆಗುತ್ತಿತ್ತು ಎಂದು ನನಗೆ ಅನಿಸುವುದಿಲ್ಲ. ಫೋರ್ಕ್‌ಗಳ ಬಗ್ಗೆ ನನಗಿರುವ ಗೌರವ ಇಲ್ಲಿಂದ ಬಂದದ್ದು. 1997ರಲ್ಲಿ ಜಿಸಿಸಿಯಿಂದ ಒಡೆದ ಇಜಿಸಿಎಸ್ 1999ರಲ್ಲಿ ಅಧಿಕೃತ ಜಿಸಿಸಿಯೇ ಆಯಿತಲ್ಲ, ಅದೂ ಇದೇ ಜಾತಿಯದ್ದು.

ಹಾಗಿದ್ದೂ ಕಾಲದ ಲೆಕ್ಕ ಹೊಂದುವುದಿಲ್ಲ. ಡೆಬಿಯನ್ 9 ಬಂದದ್ದು 2017ರ ಜೂನ್‌ನಲ್ಲಿ, ನೋಡ್ 4.8 ಇಟ್ಟುಕೊಂಡು. ಮೂಲದವರು 4ರ ಬೆಂಬಲ ನಿಲ್ಲಿಸಿದ್ದು 2018ರ ಏಪ್ರಿಲ್‌ನಲ್ಲಿ. ರಿಲೀಸ್ ಆಗಿ ಒಂದು ವರ್ಷವೂ ತುಂಬಿರಲಿಲ್ಲ. ಎಲ್‌ಟಿಎಸ್ ಇರುವ ಮೂಲ ರನ್‌ಟೈಮ್‌ನ ಕಥೆಯೇ ಹೀಗಾದರೆ, ನಾಳೆ ಇರುತ್ತದೋ ಇಲ್ಲವೋ ಗೊತ್ತಿಲ್ಲದ ಫೋರ್ಕ್ ಕಥೆ ಏನು?

ಹಾಗಾಗಿ ಒಂದು ಫೋರ್ಕನ್ನು ಪ್ಯಾಕೇಜ್ ಮಾಡಿ ಎಂದು ಕೇಳಿಕೆ ಬಂದಾಗ ನಾನು ಮೊದಲು ನೋಡುವುದು ಹೊಸ ಸೌಲಭ್ಯಗಳ ಪಟ್ಟಿಯನ್ನಲ್ಲ. ಭದ್ರತಾ ದೋಷ ತಿಳಿಸಲು ಅವರಿಗೊಂದು ವಿಳಾಸ ಇದೆಯಾ, ಅದಕ್ಕೆ ಉತ್ತರಿಸುವವರು ಒಬ್ಬರಿಗಿಂತ ಜಾಸ್ತಿ ಇದ್ದಾರಾ ಎಂದು ನೋಡುತ್ತೇನೆ. ಮೂಲದಲ್ಲಿ ಮುಚ್ಚಿದ ತೂತು ಇವರ ಕಡೆ ಮುಚ್ಚಲು ಎಷ್ಟು ದಿನ ಹಿಡಿಯಿತು ಎಂದು ಕಮಿಟ್‌ಗಳ ತಾರೀಕು ಹಿಡಿದು ನೋಡುತ್ತೇನೆ. ಎಬಿಐ ಬದಲಿಸಿದಾಗ ಸಂಖ್ಯೆಯನ್ನೂ ಬದಲಿಸಿದ್ದಾರಾ, ಆ ಸಂಖ್ಯೆ ಮೂಲದ್ದಕ್ಕೆ ಡಿಕ್ಕಿ ಹೊಡೆಯುತ್ತದಾ ಎಂದು ನೋಡುತ್ತೇನೆ. ಇದು ಸರಿಯಿದ್ದರೆ ಉಳಿದದ್ದು ಬರೀ ಶ್ರಮ, ಮಾಡಬಹುದು.

ಪ್ಯಾಕೇಜ್ ಬರೆಯುವಾಗ ನೋಡ್‌ನಂಥ ಹಳೆಯ ಹೆಸರಿನ ಸಿಮ್‌ಲಿಂಕ್ ತೆಗೆಯುತ್ತೇನೆ. ಪ್ರೊವೈಡ್ಸ್ ಸಾಲಿನಲ್ಲಿ ಮೂಲದ ಹೆಸರು ಹಾಕುವುದಿಲ್ಲ. ಹಾಕಿದರೆ, ಮೂಲ ಬೇಕು ಎಂದು ಬರೆದಿರುವ ಪ್ಯಾಕೇಜ್‌ಗಳು ಫೋರ್ಕ್ ಇದ್ದರೂ ಸಾಕು ಎಂದು ತಿಳಿಯುತ್ತವೆ. ಅವುಗಳನ್ನು ಬರೆದವರು ಆ ಮಾತು ಕೊಟ್ಟಿಲ್ಲ, ಅವರ ಪರವಾಗಿ ನಾನು ಕೊಡುವುದು ಸರಿಯಲ್ಲ. ಫೆಡೋರಾ 41ರಲ್ಲಿ ರೆಡಿಸ್ ಎಂಬ ಡೇಟಾಬೇಸ್ ಜಾಗಕ್ಕೆ ಅದರ ಫೋರ್ಕ್ ಆದ ವಾಲ್ಕಿ ಬಂದಾಗ ಹಳೆಯ ಸೆಟ್ಟಿಂಗ್ಸ್ ಸಾಗಿಸಲು ಕಾಂಪ್ಯಾಟ್ ಎಂಬ ಬೇರೆಯೇ ಪ್ಯಾಕೇಜ್ ಮಾಡಿದರು. ಅದು ನನಗೆ ಇಷ್ಟವಾದ ದಾರಿ. ಬದಲಾವಣೆ ಎಲ್ಲಿ ನಡೆಯುತ್ತಿದೆ ಎಂದು ಒಂದು ಹೆಸರು ಹಿಡಿದು ತೋರಿಸಬಹುದು, ಕೆಲಸ ಮುಗಿದ ಮೇಲೆ ತೆಗೆದು ಹಾಕಬಹುದು.

ಆಮೇಲೆ ಹೊರಹೋಗುವ ದಾರಿಯನ್ನು ಮೊದಲ ದಿನವೇ ಬರೆದಿಡುತ್ತೇನೆ. ಸೋರ್ಸ್ ಪ್ಯಾಕೇಜ್‌ನ ರೀಡ್‌ಮಿಯಲ್ಲಿ ಒಂದು ಭಾಗ ಅದಕ್ಕೇ ಮೀಸಲು. ಫೋರ್ಕ್ ನಿಂತರೆ ಯಾವ ಪ್ಯಾಕೇಜ್‌ಗಳನ್ನು ಮತ್ತೆ ಕಟ್ಟಬೇಕು, ಕಾನ್ಫಿಗ್ ಫೈಲ್ ಎಲ್ಲಿಂದ ಎಲ್ಲಿಗೆ ಹೋಗಬೇಕು, ಬಳಕೆದಾರರನ್ನು ಮೂಲಕ್ಕೆ ಸಾಗಿಸುವ ಟ್ರಾನ್ಸಿಷನಲ್ ಪ್ಯಾಕೇಜ್‌ನಲ್ಲಿ ಏನಿರಬೇಕು. ಎರಡೂ ಒಂದಾದರೆ ಏನು ಮಾಡಬೇಕು ಎಂಬುದನ್ನೂ ಬರೆಯುತ್ತೇನೆ. ಫೋರ್ಕ್ ಮಾಡಿದವರಿಗೆ ಇದನ್ನು ತೋರಿಸಿದಾಗ ಕೆಲವರಿಗೆ ಬೇಜಾರಾಗುತ್ತದೆ, ಹುಟ್ಟುವ ಮೊದಲೇ ಸಾವಿನ ಮಾತು ಯಾಕೆ ಎಂದು. ಹೆಚ್ಚಿನವರು ಒಪ್ಪುತ್ತಾರೆ. ಕೆಲವರು ತಾವೇ ತಿದ್ದಿ ಕಳಿಸುತ್ತಾರೆ.

ಅಷ್ಟಾದ ಮೇಲೆ ಆ ರನ್‌ಟೈಮ್ ಮೇಲೆ ನಿಂತ ಪ್ಯಾಕೇಜ್‌ಗಳನ್ನೆಲ್ಲ ಒಂದು ಸಲ ಮೂಲದ ಜೊತೆ, ಒಂದು ಸಲ ಫೋರ್ಕ್ ಜೊತೆ ಬಿಲ್ಡ್ ಮಾಡಿ, ಟೆಸ್ಟ್ ಓಡಿಸಿ, ಎರಡು ಲಾಗ್ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಒಂದರಲ್ಲಿ ಪಾಸಾಗಿ ಇನ್ನೊಂದರಲ್ಲಿ ಬಿದ್ದದ್ದರ ವರದಿಯನ್ನು ಎರಡೂ ಕಡೆಗೆ ಕಳಿಸುತ್ತೇನೆ, ಒಂದೇ ಮಾತಿನಲ್ಲಿ, ಯಾರ ಕಡೆಗೂ ವಾಲದೆ. ಪ್ಯಾಕೇಜ್ ಅಲ್ಲಿಯವರೆಗೆ ಪ್ರಯೋಗಕ್ಕೆ ಮೀಸಲಾದ ಎಕ್ಸ್‌ಪೆರಿಮೆಂಟಲ್ ವಿಭಾಗದಲ್ಲೇ ಇರುತ್ತದೆ. ಉತ್ತರಗಳು ಬಂದು, ಅವನ್ನು ಓದಿದ ಮೇಲಷ್ಟೇ ಅದನ್ನು ಮುಂದೆ ಕಳಿಸುವ ಮಾತು.